ತಲೆಯ ಮೇಲಿನ ಕರೆಂಟು

"ಕಾರ್ಡ್ ಎಲ್ಲೇ? ಕಾರ್ಡ್ ಇಲ್ದೆ ಏನ್ ಕಿಸಿಯೋಕೆ ಬಂದೆ ಇಲ್ಲಿ?"

ಕಿಟಕಿಯ ಒಳಗಿದ್ದ ಗುಮಾಸ್ತ ತಲೆಯೆತ್ತಲೂ ಇಲ್ಲ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಕಂಪನಿ ಆಸ್ಪತ್ರೆಯ ಹಿಂಬದಿಯ ಆ ಕಿಟಕಿ ಎಷ್ಟು ತಗ್ಗಿನಲ್ಲಿತ್ತೆಂದರೆ ಮಾತಾಡಬೇಕಾದವರು ಸೊಂಟ ಬಗ್ಗಿಸಿ, ಕತ್ತು ಓರೆ ಮಾಡಿ, ಕಂಬಿಗಳ ನಡುವೆ ಬಾಯಿ ತೂರಿಸಬೇಕು. ಮುಂದಿನ ಬಾಗಿಲು ಹಸಿರು ಕಾರ್ಡಿದ್ದ ಕಾಯಂ ನೌಕರರಿಗೆ. ಗುತ್ತಿಗೆಯವರಿಗೆ ಈ ಕಿಟಕಿ, ಅದೂ ಕೈಯೋ ಕಾಲೋ ಯಂತ್ರಕ್ಕೆ ಸಿಕ್ಕಾಗ ಪಟ್ಟಿ ಕಟ್ಟಿಸಿಕೊಳ್ಳುವುದಕ್ಕೆ ಮಾತ್ರ.

ಮೊಂಡಿ ಇನ್ನಷ್ಟು ಬಗ್ಗಿದಳು. "ಇವ್ನು ಹನ್ನೊಂದು ವರ್ಷ ಬೂದಿ ಹೊಂಡದಲ್ಲಿ ದುಡಿದೋನು ಸಾರ್. ಈಗ ನಾಕು ಹೆಜ್ಜೆ ಇಟ್ರೆ ಉಸಿರು ಸಿಗ್ತಿಲ್ಲ."

"ಕಂಪನಿಗೆ ದುಡಿದ್ನಾ, ಕಂಟ್ರಾಕ್ಟರಿಗೆ ದುಡಿದ್ನಾ?"

"ಬೂದಿ ಕಂಪನೀದೇ ಅಲ್ವಾ ಸಾರ್?"

"ಬೂದಿ ಕಂಪನೀದು. ಮೂಗು ನಿಮ್ದು. ನಡಿ, ನಡಿ, ಬೆಳಕಿಗೆ ಅಡ್ಡ ನಿಲ್ಬೇಡ."

ಅವಳ ಹಿಂದೆ ಗೋಡೆಗೊರಗಿ ಕುಕ್ಕರುಗಾಲಿನಲ್ಲಿ ಕೂತಿದ್ದ ಗಂಡ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಮುಗಿಯುವಷ್ಟರಲ್ಲಿ ಕಣ್ಣು ಕೆಂಪಗಾಗಿ ನೀರು ಇಳಿದಿತ್ತು. ಅವನನ್ನು ಊರೆಲ್ಲ ಶಿಳ್ಳೆ ಎಂದು ಕರೆಯುತ್ತಿದ್ದರು. ಬೂದಿ ಹೊಂಡದ ಈ ದಡದಿಂದ ಆ ದಡಕ್ಕೆ ಕೇಳುವಂತೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕುತ್ತಿದ್ದವನು ಅವನೊಬ್ಬನೇ. ಲಾರಿಗಳು ಹಿಂದೆ ಬರುವುದೂ ನಿಲ್ಲುವುದೂ ಆ ಶಿಳ್ಳೆಯ ಮೇಲೆಯೇ. ಈಗ ಬೆರಳಿಡುವ ಕಷ್ಟವಿರಲಿಲ್ಲ. ಸುಮ್ಮನೆ ಕೂತರೂ ಎದೆ ತಾನಾಗಿಯೇ ಸಣ್ಣಗೆ ಕೂಗುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಹೊರಟ ಡಾಕ್ಟರು ಹಿಂಬದಿಯ ಕಾರಿನ ಶೆಡ್ಡಿಗೆ ಬಂದಾಗ ಮೊಂಡಿ ಓಡಿಹೋಗಿ ಅಡ್ಡ ನಿಂತಳು. ಡಾಕ್ಟರು ಕಾರಿನ ಬಾಗಿಲು ತೆರೆದು, ಒಂದು ಕಾಲು ಒಳಗಿಟ್ಟೇ ಕೇಳಿದರು.

"ಬೀಡಿ ಸೇದ್ತಾನಾ?"

"ಇಲ್ಲ ಸಾರ್. ವಾಸನೆ ಬಂದ್ರೂ ಆಗಲ್ಲ ಅವ್ನಿಗೆ."

"ಎಲ್ರೂ ಹಾಗೇ ಹೇಳೋದು."

ತೊಡೆಯ ಮೇಲಿಟ್ಟು ಚೀಟಿಯಲ್ಲಿ ಏನೋ ಗೀಚಿ ಕೊಟ್ಟರು. ಕಾರು ಹೋಯಿತು. ಎದೆಗೆ ಕೊಳವೆ ಇಡುವುದಿರಲಿ, ರೋಗಿ ಕೂತಿದ್ದ ಗೋಡೆಯ ಕಡೆಗೆ ಅವರು ತಿರುಗಿಯೂ ನೋಡಿರಲಿಲ್ಲ.

ಹೊರಗೆ ಹೋಗುವಾಗ ಮುಂದಿನ ಗಾಜಿನ ಬಾಗಿಲ ಬಳಿ ನೀಲಿ ಸಮವಸ್ತ್ರದಲ್ಲಿ ನಿಂತಿದ್ದ ಗಾರ್ಡು ಬೂಟಿನ ಲೇಸು ಕಟ್ಟಿಕೊಳ್ಳುವವನಂತೆ ಬಗ್ಗಿದ. ಅವನು ಶಿಳ್ಳೆಯ ಸ್ವಂತ ತಮ್ಮ. ಲೇಸು ಬಿಚ್ಚಿರಲಿಲ್ಲ. ಅಣ್ಣ ಅತ್ತಿಗೆ ಇಬ್ಬರೂ ಅದನ್ನು ಕಂಡರು, ಕಾಣದವರಂತೆ ನಡೆದರು.

*

ಸರ್ಕಾರಿ ಆಸ್ಪತ್ರೆಗೆ ಹೋಗಬೇಕೆಂದರೆ ಅರ್ಧ ದಿನದ ದಾರಿ. ಬಸ್ಸು ಊರಿಗೆ ಬರುವುದು ನಿಂತು ಎರಡು ವರ್ಷವಾಗಿತ್ತು. ಕಲ್ಲಿದ್ದಲು ಇಳಿಸಿ ಖಾಲಿ ಮರಳುವ ಲಾರಿಯೊಂದರ ಹಿಂಬದಿಯಲ್ಲಿ ಗಂಡನನ್ನು ಕೂರಿಸಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಮೊಂಡಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಇಳಿಯುವಾಗ ಕಲ್ಲಿದ್ದಲ ದೂಳು ಮೆತ್ತಿ ಇಬ್ಬರೂ ಕಣ್ಣು ಬಿಟ್ಟರೆ ಮಾತ್ರ ಮನುಷ್ಯರಂತೆ ಕಾಣುತ್ತಿದ್ದರು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹೊರಗೆ ನೂರು ಜನರ ಸಾಲಿದ್ದರೂ ಎದೆಗೂ ಬೆನ್ನಿಗೂ ಕೊಳವೆಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡಳು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಕಂಪನಿ ಡಾಕ್ಟರ ಚೀಟಿ ಓದಿದಳು.

"ಧೂಮಪಾನದಿಂದ ಅಂತ ಬರೆದಿದ್ದಾರಲ್ಲ?"

ಶಿಳ್ಳೆ ಉಸಿರು ಕೂಡಿಸಿಕೊಂಡು ಹೇಳಿದ. "ನಿಜಾನೇ ಡಾಕ್ಟ್ರೇ. ನಮ್ಮೂರಿಗೆಲ್ಲಾ ಒಂದೇ ಬೀಡಿ. ಇನ್ನೂರು ಮೀಟರ್ ಉದ್ದ. ಹಗಲೂ ರಾತ್ರಿ ಹೊಗೆ ಆಡ್ತಾನೇ ಇರುತ್ತೆ. ಹಾಲು ಕುಡಿಯೋ ಕೂಸೂ ಅದನ್ನೇ ಸೇದೋದು."

ಡಾಕ್ಟರು ನಗಲಿಲ್ಲ. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಮತ್ತೆ ಮೆತ್ತಗಾಗುವುದಿಲ್ಲ, ಮಾತ್ರೆಯಿಂದ ಏನೂ ಆಗುವುದಿಲ್ಲ ಎಂದು ಬಿಡಿಸಿ ಹೇಳಿದಳು. ಯಾರೋ ದಾನ ಕೊಟ್ಟಿದ್ದ ಯಂತ್ರವೊಂದು ಉಗ್ರಾಣದಲ್ಲಿತ್ತು, ಅದನ್ನು ತರಿಸಿ ಕೊಟ್ಟಳು. ಪೆಟ್ಟಿಗೆಯಂಥದ್ದು, ಕೆಳಗೆ ನಾಲ್ಕು ಚಕ್ರ. ಸುತ್ತಲ ಗಾಳಿಯನ್ನೇ ಎಳೆದುಕೊಂಡು ಅದರೊಳಗಿನ ಆಮ್ಲಜನಕವನ್ನು ಬೇರೆ ಮಾಡಿ ಮೂಗಿಗೆ ಕೊಡುತ್ತದೆ. ದಿನಕ್ಕೆ ಹದಿನಾರು ಗಂಟೆಯಾದರೂ ಹಾಕಿಕೊಳ್ಳಲೇಬೇಕು.

"ಕರೆಂಟ್‌ಗೆ ಹಾಕೋದು ಇದು. ನಿಮಗೇನು ಯೋಚನೆ ಇಲ್ಲ ಬಿಡಿ, ಪವರ್ ಪ್ಲಾಂಟ್ ಪಕ್ಕದಲ್ಲೇ ಇದ್ದೀರಿ. ಕರೆಂಟ್ ಇರುತ್ತಲ್ವಾ?"

"ಇದೆ ಮೇಡಂ," ಎಂದಳು ಮೊಂಡಿ. "ತಲೆ ಮೇಲೆ."

*

ತಲೆಯ ಮೇಲೇ ಇತ್ತು. ಸ್ಥಾವರದಿಂದ ಹೊರಟ ದೊಡ್ಡ ತಂತಿಗಳು ಊರಿನ ಮನೆಗಳ ಮೇಲೆ ಸಾಲಾಗಿ ಹಾದು, ಕಬ್ಬಿಣದ ಗೋಪುರದಿಂದ ಗೋಪುರಕ್ಕೆ ಜಿಗಿದು, ಗುಡ್ಡದಾಚೆ ಎಲ್ಲಿಗೋ ಹೋಗುತ್ತಿದ್ದವು. ಇಡೀ ದಿನ ಜೇನುಹುಳದಂತೆ ಗುಂಯ್ ಎನ್ನುತ್ತಿದ್ದವು. ಅದರಲ್ಲಿ ಒಂದು ಹನಿಯೂ ಊರಿಗೆ ಇಳಿಯುತ್ತಿರಲಿಲ್ಲ. ಊರಿಗೆ ಬೇರೆ ಲೈನು, ಅದು ಬಂದರೆ ಬಂತು.

ಮೊದಲ ತಿಂಗಳು ಹೇಗೋ ನಡೆಯಿತು. ಕರೆಂಟು ಬಂದ ಕೂಡಲೇ ಯಾರು ಎಲ್ಲಿದ್ದರೂ "ಬಂತು!" ಎಂದು ಕೂಗುತ್ತಿದ್ದರು. ಅತ್ತೆ ಮುದುಕಿ ಬಾಗಿಲಲ್ಲೇ ಕೂತು ಬಲ್ಬನ್ನು ಕಾಯುತ್ತಿದ್ದಳು. ಅದು ಹೊತ್ತಿತೆಂದರೆ ಮಗನ ಮೂಗಿಗೆ ಕೊಳವೆ ಸಿಕ್ಕಿಸಿ, ಸ್ವಿಚ್ಚು ಒತ್ತಿ, ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂರುವಳು. ಒಂದೊಂದು ದಿನ ಶಿಳ್ಳೆ ಎದ್ದು ಅಂಗಳದವರೆಗೂ ಬರುತ್ತಿದ್ದ. "ನಾನೀಗ ರೇಡಿಯೋ ಇದ್ದಂಗೆ. ಕರೆಂಟ್ ಇದ್ರೆ ಮಾತಾಡ್ತೀನಿ, ಹೋದ್ರೆ ಗಪ್‌ಚುಪ್," ಎನ್ನುತ್ತಿದ್ದ.

ಆಮೇಲೆ ಟ್ರಾನ್ಸ್‌ಫಾರ್ಮರು ಸುಟ್ಟಿತು.

ಮೊಂಡಿ ಕೆಲಸಕ್ಕೆ ರಜೆ ಹಾಕಿ ವಿದ್ಯುತ್ ಕಚೇರಿಗೆ ನಡೆದಳು. ಇಂಜಿನಿಯರು ಚಹಾ ಆರಿಸಿಕೊಳ್ಳುತ್ತ, ಗೋಡೆಯ ಮೇಲಿನ ನಕ್ಷೆಯನ್ನು ಬೆರಳಿನಿಂದ ತೋರಿಸಿದ. ಬೆರಳು ಬೂದಿ ಬಣ್ಣದ ಒಂದು ದೊಡ್ಡ ಚೌಕದ ಮೇಲೆ ನಿಂತಿತು.

"ಎರಡನೇ ಬೂದಿ ಹೊಂಡ ಬರೋದು ಇಲ್ಲಿ. ನಿಮ್ಮೂರು ಖಾಲಿ ಮಾಡಿಸೋ ಪಟ್ಟೀಲಿದೆ."

"ನಾವಿನ್ನೂ ಖಾಲಿ ಆಗಿಲ್ಲವಲ್ಲ ಸಾರ್."

"ನಮ್ಮ ಕಾಗದದಲ್ಲಿ ಆಗಿದೆ. ಇಲ್ದಿರೋ ಊರಿಗೆ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರ್ಲಮ್ಮಾ?"

"ಮನೇಲಿ ಉಸಿರಿಲ್ದೆ ಒದ್ದಾಡ್ತಿದ್ದಾನೆ ಸಾರ್ ನನ್ನ ಗಂಡ."

"ಅದಕ್ಕೇ ಹೇಳೋದು, ಬೇಗ ಊರು ಬಿಡಿ ಅಂತ." ಅವನು ಚಹಾ ಹೀರಿದ. "ಒಳ್ಳೇ ಗಾಳಿ ಇರೋ ಕಡೆ ಹೋಗಿ."

ಮೊಂಡಿ ನಕ್ಷೆಯ ಹತ್ತಿರ ಹೋಗಿ ಆ ಬೂದಿ ಚೌಕವನ್ನು ನೋಡಿದಳು. ತನ್ನ ಮನೆ ಅದರಲ್ಲಿ ಎಲ್ಲಿ ಬರುತ್ತದೆಂದು ಹುಡುಕಿದಳು. ಗೆರೆಗಳೇ ಇರಲಿಲ್ಲ.

*

ಮೊಂಡಿಯ ಕೆಲಸ ಬೆಲ್ಟಿನ ಮೇಲೆ. ಎತ್ತರದ ಕಂಬಗಳ ಮೇಲೆ ನಿಂತ ತಗಡಿನ ಉದ್ದ ಸುರಂಗ. ಅದರೊಳಗೆ ಕಲ್ಲಿದ್ದಲು ಹೊತ್ತ ಅಗಲದ ರಬ್ಬರು ಪಟ್ಟಿ ಬಾಯ್ಲರಿನ ಕಡೆಗೆ ಓಡುತ್ತಲೇ ಇರುತ್ತದೆ. ಅಂಚಿನಿಂದ ಉದುರಿದ್ದನ್ನು ಸಲಿಕೆಯಲ್ಲಿ ಬಾಚಿ ಮತ್ತೆ ಪಟ್ಟಿಯ ಮೇಲೆ ಎಸೆಯಬೇಕು. ಬಗ್ಗಿದವರು ಊಟದ ಗಂಟೆಯಾಗುವ ತನಕ ಬಗ್ಗಿಯೇ ಇರಬೇಕು. ಸದ್ದಿನಲ್ಲಿ ಮಾತು ಕೇಳದು, ದೂಳಿನಲ್ಲಿ ಮುಖ ಕಾಣದು. ಒಬ್ಬರನ್ನೊಬ್ಬರು ಎತ್ತರದಿಂದ ಗುರುತಿಸುತ್ತಿದ್ದರು. ಹಾಗಾಗಿ ಅವಳ ಜೊತೆಗಾತಿಗೆ ಗಿಡ್ಡಿ ಎಂಬ ಹೆಸರು ಬಿದ್ದಿತ್ತು.

ಊಟದ ಹೊತ್ತಿನಲ್ಲಿ ಗಿಡ್ಡಿ ಕೈ ತೊಳೆಯುತ್ತ ಮೆಲ್ಲಗೆ ಹೇಳಿದಳು. "ನಮ್ಮನೆಯೋನಿಗೂ ಶುರುವಾಗಿದೆ ಕಣೇ. ಬೆಳಿಗ್ಗೆ ಬೆಳಿಗ್ಗೆ ಕರ್ರಗೆ ಉಗೀತಾನೆ. ನನ್ನ ಕಂಡ್ರೆ ಕಾಲಲ್ಲಿ ಮಣ್ಣು ಮುಚ್ತಾನೆ."

"ಡಾಕ್ಟ್ರಿಗೆ ತೋರಿಸು."

"ಯಾವ ಡಾಕ್ಟ್ರಿಗೆ? ಆ ಕಿಟಕೀಗಾ?"

ಗಿಡ್ಡಿ ಎಣಿಸತೊಡಗಿದಳು, ಮೂಲೆ ಮನೆಯ ಮಾವ, ಬಾವಿಕಟ್ಟೆ ಪಕ್ಕದ ಅಣ್ಣ, ಲಾರಿ ತೊಳೆಯುವ ಅಕ್ಕ. ಬೆರಳು ಸಾಲದೆ ಹೋಯಿತು. ಅವಳು ಕೈ ಕೊಡವಿ ಎದ್ದಳು.

ಸ್ಥಾವರದ ಗೇಟಿನೆದುರು ಚಹಾ ಅಂಗಡಿಗೆ ಕಂಪನಿ ಲೈನಿನ ಕರೆಂಟಿತ್ತು. ಅಂಗಡಿಯಾಕೆ ಮರುಮಾತಿಲ್ಲದೆ ತನ್ನ ಫ್ರಿಜ್ಜಿನ ಪಕ್ಕ ಜಾಗ ಮಾಡಿಕೊಟ್ಟಳು. ಶಿಳ್ಳೆ ಐದು ದಿನ ಅಲ್ಲಿ ಮೂಗಿಗೆ ಕೊಳವೆ ಹಾಕಿಕೊಂಡು ಬೆಂಚಿನ ಮೇಲೆ ಕೂತ. ಚಹಾ ಕುಡಿಯುವ ಡ್ರೈವರುಗಳು ಅವನ ಜೊತೆ ಹರಟೆ ಹೊಡೆದರು. ಅವನ ತುಟಿಗೆ ಬಣ್ಣ ಬಂತು. ಆರನೇ ದಿನ ಭದ್ರತಾ ಅಧಿಕಾರಿ ಜೀಪಿನಿಂದ ಇಳಿಯದೆಯೇ ಅಂಗಡಿಯಾಕೆಯನ್ನು ಕರೆದ.

"ಅಂಗಡಿ ನಡೆಸ್ತೀಯೋ, ಆಸ್ಪತ್ರೆ ನಡೆಸ್ತೀಯೋ? ನಾಳೆ ಬರೋ ದೊಡ್ಡವರ ಕಣ್ಣಿಗೆ ಇದು ಬೀಳಬಾರ್ದು. ಬಿದ್ರೆ ನಿನ್ನ ಒಲೇನೂ ಇರಲ್ಲ, ಲೈನೂ ಇರಲ್ಲ."

ಅಂಗಡಿಯಾಕೆ ಪ್ಲಗ್ಗು ಕಿತ್ತು ತಂತಿ ಸುತ್ತಿ ಮೊಂಡಿಯ ಕೈಗಿಟ್ಟಳು. "ನನ್ನ ಬೈಯಮ್ಮಾ, ಬೈದುಬಿಡು," ಎಂದಳು. ಮೊಂಡಿ ಬೈಯಲಿಲ್ಲ. ಜೀಪಿನ ಕಡೆ ತಿರುಗಿ ಕ್ಯಾಕರಿಸಿ ಉಗಿದಳು. "ಬೋಳೀಮಕ್ಳು. ಗಾಳೀಗೂ ಬೇಲಿ ಹಾಕ್ತಾವೆ."

*

ಅದಾದ ಮೂರನೆಯ ದಿನ ಬೆಳಿಗ್ಗೆ ಅತ್ತೆ ಅವಳನ್ನು ಅಲುಗಾಡಿಸಿದಳು.

"ಇವ್ನ ಉಗುರು ನೋಡೇ. ಇದೇನೇ ಬಣ್ಣ ಇದು!"

ಉಗುರುಗಳು ನೀಲಿಗಟ್ಟಿದ್ದವು. ತುಟಿಯೂ. ಶಿಳ್ಳೆ ಕೂತಿದ್ದ, ಮಲಗಿದರೆ ಉಸಿರು ನಿಲ್ಲುತ್ತದೆಂದು ಎರಡು ದಿನದಿಂದ ಕೂತೇ ಇದ್ದ. ಕಣ್ಣು ಮಾತ್ರ ಹೆಂಡತಿಯ ಹಿಂದೆ ಹಿಂದೆ ಓಡಾಡುತ್ತಿತ್ತು. ಏನೋ ಹೇಳಲು ಬಾಯಿ ತೆರೆದ, ಗಾಳಿ ಸಾಲಲಿಲ್ಲ.

ಆ ದಿನ ಬೆಲ್ಟಿಗೆ ಹೋಗಬೇಕಾಗಿತ್ತು. ಮೊಂಡಿ ಸಲಿಕೆ ಮೂಲೆಗೆಸೆದಳು. ಹೊರಗೆ ನೀರಿನ ಡ್ರಮ್ಮು ತರುವ ಕೈಗಾಡಿ ಇತ್ತು. ಡ್ರಮ್ಮು ಉರುಳಿಸಿ, ಗೋಣಿ ಹಾಸಿ, ಗಂಡನನ್ನು ಕೂರಿಸಿ, ಯಂತ್ರವನ್ನು ಅವನ ಕಾಲ ಬಳಿ ಇಟ್ಟಳು.

"ಎಲ್ಲಿಗೇ?" ಎಂದಳು ಅತ್ತೆ.

"ಕರೆಂಟ್ ಇರೋ ಕಡೆಗೆ."

ಗಾಡಿ ತಳ್ಳುವುದನ್ನು ಕಂಡು ಗಿಡ್ಡಿ ಓಡಿ ಬಂದಳು. ಯಾಕೆ ಏನು ಎಂದು ಕೇಳದೆ ಇನ್ನೊಂದು ಹಿಡಿಗೆ ಕೈ ಹಾಕಿದಳು. ದಾರಿಯಲ್ಲಿ ಇನ್ನಿಬ್ಬರು ಹೆಂಗಸರು ಸೇರಿದರು. ಲಾರಿಗಳು ಹಾರನ್ನು ಹೊಡೆಯುತ್ತ ಪಕ್ಕಕ್ಕೆ ಸರಿದು ಹೋದವು. ಬೂದಿ ಮಂಜಿನ ಹಾಗೆ ರಸ್ತೆಯ ಮೇಲೆ ನಿಂತಿತ್ತು. ಅದರೊಳಗೆ ಅವರು ಹೊಕ್ಕರು, ಹೊರಬಂದರು, ಮತ್ತೆ ಹೊಕ್ಕರು. ಅತ್ತೆ ಹಿಂದಿನಿಂದ ಮಗನ ಬೆನ್ನು ತಟ್ಟುತ್ತಲೇ ಬಂದಳು, ಕೂಸನ್ನು ಮಲಗಿಸುವವಳಂತೆ.

ಗಾಜಿನ ಬಾಗಿಲ ಬಳಿ ಮೈದುನ ನಿಂತಿದ್ದ. ಅಣ್ಣನ ಮುಖ ಕಂಡು ಅವನ ಕೈಯ ಕೋಲು ಜೋತುಬಿತ್ತು.

"ಹಿಂದಿನ ಕಿಟಕಿಗೆ ಹೋಗಿ ಅತ್ತಿಗೆ, ಕೈ ಮುಗೀತೀನಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ಕಿಟಕೀಲಿ ಇವ್ನು ತೂರಲ್ಲ. ಬಾಗ್ಲು ತೆಗಿ."

"ನಾನು ತೆಗೆಯೋ ಹಾಗಿಲ್ಲ." ಅವನು ಆಚೀಚೆ ನೋಡಿದ. "ಬೇಕಾದ್ರೆ ನಾನು ಆ ಕಡೆ ತಿರುಗಿ ನಿಲ್ತೀನಿ."

"ತಿರುಗಿ ನಿಲ್ಲೋದ್ರಲ್ಲಿ ನೀನು ಎತ್ತಿದ ಕೈ ಬಿಡಪ್ಪಾ."

ಮುದುಕಿ ಕಿರಿಯ ಮಗನ ಎದೆಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆ ಬಿಲ್ಲೆಯನ್ನು ನೋಡಿದಳು, ಅಷ್ಟೆ. ಅವನು ತಿರುಗಿ ನಿಂತ. ಗಾಡಿಯ ಮೂತಿ ಗಾಜಿನ ಬಾಗಿಲನ್ನು ತಳ್ಳಿಕೊಂಡು ಒಳಹೊಕ್ಕಿತು.

ಒಳಗೆ ತಣ್ಣಗಿತ್ತು. ನೆಲ ಮುಖ ಕಾಣುವಷ್ಟು ನುಣ್ಣಗಿತ್ತು. ಗಾಡಿಯ ಚಕ್ರ ಅದರ ಮೇಲೆ ಎರಡು ಬೂದಿ ಗೆರೆ ಎಳೆಯಿತು. ಸೋಫಾದಲ್ಲಿ ಕೂತಿದ್ದ ನೌಕರನೊಬ್ಬನ ಹೆಂಡತಿ ಕಾಲು ಮೇಲೆತ್ತಿಕೊಂಡಳು. ಮೂಲೆಯಲ್ಲಿ ಎದೆಯೆತ್ತರದ ಗಾಜಿನ ತೊಟ್ಟಿ. ಒಳಗೆ ಕೆಂಪು, ಹಳದಿ ಮೀನುಗಳು. ಅವುಗಳಿಗೆ ಉಸಿರಾಡಲೆಂದು ತಳದ ಕೊಳವೆಯೊಂದು ಗುಳುಗುಳು ಗಾಳಿಯ ಗುಳ್ಳೆ ಬಿಡುತ್ತಿತ್ತು. ಮೊಂಡಿ ಒಂದು ಗಳಿಗೆ ನೋಡಿದಳು. ಕೊಳವೆಯ ಹಿಂದೆ ತಂತಿ, ತಂತಿಯ ತುದಿಗೆ ಗೋಡೆಯಲ್ಲಿ ಪ್ಲಗ್ಗು. ಅದನ್ನು ಕಿತ್ತಳು. ತನ್ನದನ್ನು ಸಿಕ್ಕಿಸಿದಳು. ಯಂತ್ರ ಗೊರ್ ಎಂದು ಎದ್ದಿತು. ಕೊಳವೆಯನ್ನು ಗಂಡನ ಮೂಗಿಗೆ ಸೇರಿಸಿ, ಕಿವಿಯ ಹಿಂದೆ ಸುತ್ತಿ, ಪಕ್ಕದಲ್ಲೇ ನೆಲಕ್ಕೆ ಕೂತಳು.

ಗುಮಾಸ್ತ ಓಡಿ ಬಂದ. ಅವನಿಗೆ ಕಾಲುಗಳಿವೆಯೆಂಬುದನ್ನು ಅವಳು ಕಂಡದ್ದು ಅಂದೇ.

"ಏಯ್! ಯಾರು ಬಿಟ್ಟಿದ್ದು ಈ ಮುಂಡೇವನ್ನ? ಮೀನು ಸಾಯ್ತವೆ ಕಣೇ!"

"ಅವಕ್ಕೆ ಕಾರ್ಡ್ ಇದೆಯಾ ಸಾರ್?"

ಸೋಫಾದ ಹೆಂಗಸು ಕಿಸಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಆಡಳಿತದ ಸಾಹೇಬ ಮೆಟ್ಟಿಲಿಳಿದು ಬಂದ. ಅವನು ಕೂಗಾಡುವವನಲ್ಲ. ಕೈ ಹಿಂದೆ ಕಟ್ಟಿಕೊಂಡು, ಪಾಠ ಹೇಳುವವನಂತೆ ಹೇಳಿದ.

"ನೋಡಮ್ಮಾ, ಇದು ಕಂಪನಿಯ ಜಾಗ. ಕೇಳದೆ ಪ್ಲಗ್ ಹಾಕಿದ್ರೆ ಅದು ಕರೆಂಟ್ ಕಳ್ಳತನ. ಪೊಲೀಸ್ ಕೇಸ್ ಆಗುತ್ತೆ."

"ಕಳ್ಳತನಾನಾ?" ಮೊಂಡಿ ಕೂತಲ್ಲಿಂದಲೇ ಕತ್ತೆತ್ತಿದಳು. "ಇದ್ದಿಲು ಬಾಚಿ ಬೆಲ್ಟಿಗೆ ಹಾಕಿದ್ದು ನಾನು ಸಾಹೇಬ್ರೇ. ಅದು ಉರಿದು ಉಳಿದ ಬೂದೀನ ಹೊತ್ತು ಹೊಂಡಕ್ಕೆ ಸುರಿದಿದ್ದು ಇವ್ನು. ನಮ್ಮಿಬ್ಬರ ನಡುವೆ ಹುಟ್ಟಿದ್ದು ನಿಮ್ಮ ಕರೆಂಟು. ಯಾರು ಕದ್ದಿದ್ದು ಅಂತ ನೀವೇ ಹೇಳಿ."

ಸಾಹೇಬ ಅವಳ ಕಡೆ ನೋಡಲಿಲ್ಲ. "ಗಾರ್ಡ್," ಎಂದ. "ಆ ಪ್ಲಗ್ ಕಿತ್ತು ಹಾಕು."

ಮೈದುನ ಬಾಗಿಲಿನಿಂದ ಬಂದ. ಬೂಟು ನುಣ್ಣನೆಯ ನೆಲದ ಮೇಲೆ ಕಿರ್ರ್ ಕಿರ್ರ್ ಎಂದಿತು. ಗೋಡೆಯ ಬಳಿ ಕುಕ್ಕರುಗಾಲಿನಲ್ಲಿ ಕೂತು ಪ್ಲಗ್ಗಿನ ಮೇಲೆ ಕೈಯಿಟ್ಟ. ಶಿಳ್ಳೆ ತಮ್ಮನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ, ದಣಿವಿತ್ತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.

ಮೈದುನ ನಿಧಾನಕ್ಕೆ ತಿರುಗಿದ. ಬೆನ್ನನ್ನು ಗೋಡೆಗೆ ಕೊಟ್ಟು, ಪ್ಲಗ್ಗು ಬೆನ್ನ ಹಿಂದೆ ಮುಚ್ಚಿಹೋಗುವಂತೆ, ಕಾಲು ಚಾಚಿ ಕೂತುಬಿಟ್ಟ.

"ಸೊಂಟ ಹಿಡ್ಕೊಂಡಿದೆ ಸಾರ್. ಏಳೋಕಾಗ್ತಿಲ್ಲ."

ಸಾಹೇಬನ ಮುಖದಲ್ಲಿ ಏನೂ ಬದಲಾಗಲಿಲ್ಲ. ಜೇಬಿನಿಂದ ಫೋನು ತೆಗೆದು ಒಂದೇ ಮಾತು ಹೇಳಿದ. "ಮುಂದಿನ ಹಾಲ್ ಲೈನ್ ಆಫ್ ಮಾಡಿ. ಪೊಲೀಸರಿಗೂ ಹೇಳಿ."

ದೀಪಗಳು ಹೋದವು. ತಣ್ಣನೆ ಗಾಳಿ ನಿಂತಿತು. ಯಂತ್ರ ಉದ್ದಕ್ಕೆ ಕೀಂ ಎಂದು ಕೂಗಿತು, ಬಿಟ್ಟುಬಿಟ್ಟು ಕೂಗುತ್ತಲೇ ಇತ್ತು. ತೊಟ್ಟಿಯೊಳಗೆ ಮೀನುಗಳು ಒಂದೊಂದಾಗಿ ಮೇಲೆ ಬಂದು ನೀರಿನ ಮೇಲ್ಮೈಗೆ ಬಾಯಿ ಹಚ್ಚಿದವು. ಸಾಹೇಬ ಗಡಿಯಾರ ನೋಡಿಕೊಂಡು ಕಾಯತೊಡಗಿದ. ಅವಸರವೇನೂ ಅವನಿಗಿರಲಿಲ್ಲ.

ಶಿಳ್ಳೆಯ ಕತ್ತು ಪಕ್ಕಕ್ಕೆ ವಾಲಿತು.

"ಲೋ ಪಾಪಿ ನನ್ಮಗನೇ!" ಗಿಡ್ಡಿ ಸಾಹೇಬನ ಮುಖಕ್ಕೇ ಕಿರುಚಿದಳು. "ಹೆಣ ಬೀಳೋದು ನೋಡೋಕೆ ನಿಂತಿದ್ದೀಯೇನೋ?"

ಮೊಂಡಿ ಕಿರುಚಲಿಲ್ಲ. ಹಾಲಿನ ಆ ತುದಿಯಲ್ಲಿ ಇನ್ನೊಂದು ಗಾಜಿನ ಬಾಗಿಲಿತ್ತು. ಅದರಾಚೆ ವಾರ್ಡು, ಅಲ್ಲಿ ದೀಪ ಉರಿಯುತ್ತಿತ್ತು. ಬಿಳಿ ಹಾಸಿಗೆಗಳು. ಆರರಲ್ಲಿ ನಾಲ್ಕು ಖಾಲಿ. ಬಾಗಿಲ ಹಿಂದೆ ಕಂಪನಿ ಡಾಕ್ಟರು ನಿಂತಿದ್ದರು. ಅವಳು ಪ್ಲಗ್ಗು ಎಳೆದು ಯಂತ್ರವನ್ನು ಬಗಲಿಗೇರಿಸಿಕೊಂಡು ಎದ್ದದ್ದನ್ನು ಕಂಡು ಅವರು ಒಳಗಿನಿಂದ ಬೀಗ ತಿರುಗಿಸಿದರು.

ಮೊಂಡಿ ಮೈದುನನ ಕಡೆ ತಿರುಗಿದಳು. ಕೋಲನ್ನು ಕಿತ್ತುಕೊಳ್ಳಬೇಕಾಗಲಿಲ್ಲ. ಅವನೇ ಚಾಚಿದ್ದ.

ಮೊದಲ ಏಟಿಗೆ ಗಾಜು ಬಿರಿಯಿತು. ಡಾಕ್ಟರು ಹಿಂದೆ ಸರಿದರು. ಎರಡನೆಯದಕ್ಕೆ ಇಡೀ ಬಾಗಿಲು ಉಪ್ಪಿನ ರಾಶಿಯಂತೆ ಕುಸಿದು ನೆಲಕ್ಕೆ ಹರಡಿತು. ಅವಳು ಗಾಜಿನ ಮೇಲೆಯೇ ನಡೆದು ಒಳಗೆ ಹೋದಳು. ಹಿಂದಿನಿಂದ ಮೈದುನ ಅಣ್ಣನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ಎತ್ತಿದಾಗ ಅವನಿಗೆ ಗಾಬರಿಯಾಯಿತು, ಅಣ್ಣ ಅಷ್ಟು ಹಗುರವಾಗಿದ್ದ.

"ಪ್ಲಗ್ ಎಲ್ಲಿದೆ?" ಎಂದು ಮೊಂಡಿ ಡಾಕ್ಟರನ್ನು ಕೇಳಿದಳು.

ಡಾಕ್ಟರು ಮೊದಲ ಹಾಸಿಗೆಯ ತಲೆದೆಸೆಗೆ ಬೆರಳು ತೋರಿಸಿದರು.

ಯಂತ್ರ ಮತ್ತೆ ಗೊರ್ ಎಂದಿತು. ಬಿಳಿ ಹೊದಿಕೆಯ ಮೇಲೆ ಮಲಗಿಸಿದ ಜಾಗದಲ್ಲೆಲ್ಲ ಬೂದಿಯ ಮೈಯಚ್ಚು ಮೂಡಿತು. ಹೆಂಗಸರು ಹಾಸಿಗೆಯ ಸುತ್ತ ನೆಲದ ಮೇಲೆ ಕೂತರು. ಅತ್ತೆ ಮಗನ ಕಾಲು ಹಿಡಿದುಕೊಂಡಳು. ಮೈದುನ ಟೋಪಿ ತೆಗೆದು ಕಿಟಕಿಯ ಮೇಲಿಟ್ಟು ಬಾಗಿಲಿಲ್ಲದ ಚೌಕಟ್ಟಿನಲ್ಲಿ ನಿಂತ.

ಮೊಂಡಿ ಗಂಡನ ಬೆರಳುಗಳನ್ನು ತನ್ನ ಕಪ್ಪು ಅಂಗೈಯಲ್ಲಿಟ್ಟುಕೊಂಡು ಉಗುರುಗಳನ್ನೇ ನೋಡುತ್ತಿದ್ದಳು. ಹೊರಗೆ ಜೀಪುಗಳು ಬಂದು ನಿಂತವು, ಒಂದಲ್ಲ, ಮೂರೋ ನಾಲ್ಕೋ. ಬೂಟುಗಳು ಹಾಲಿನ ಕತ್ತಲೆಯನ್ನು ದಾಟಿ ಒಡೆದ ಗಾಜನ್ನು ತುಳಿಯತೊಡಗಿದವು. ಅವಳು ತಲೆ ಎತ್ತಲಿಲ್ಲ. ಉಗುರು ಇನ್ನೂ ನೀಲಿಯಾಗಿಯೇ ಇತ್ತು.